ಹಳೆಯ ಪಿಸಿ ಗೇಮ್ ಹೊಸ ಕಂಪ್ಯೂಟರ್‌ನಲ್ಲಿ ಓಡದಿದ್ದಾಗ: ದೋಷ ಹುಡುಕುವ ಕ್ರಮ

1997ರ ಗೇಮ್ ಸಿಡಿಯಲ್ಲಿ ಇವತ್ತಿಗೂ ಒಂದು ಬೈಟ್ ಬದಲಾಗಿಲ್ಲ. ಬದಲಾದದ್ದು ಆ ಗೇಮ್ ನಂಬಿಕೊಂಡಿದ್ದ ಸಂಗತಿಗಳು. ಪ್ರೊಸೆಸರ್ ಇಂತಿಷ್ಟೇ ವೇಗದ್ದು, ಡಿಸ್ಕ್‌ನಲ್ಲಿ ಖಾಲಿ ಜಾಗ ಎರಡು ಜಿಬಿ ದಾಟುವುದಿಲ್ಲ, 256 ಬಣ್ಣಗಳ ಮೋಡ್ ಇದ್ದೇ ಇರುತ್ತದೆ, ಗೇಮ್ ತನ್ನ ಫೋಲ್ಡರ್‌ಗೆ ತಾನೇ ಬರೆಯಬಹುದು ಎಂದೆಲ್ಲ ಅದು ಅಂದುಕೊಂಡಿತ್ತು. ಇವುಗಳಲ್ಲಿ ಯಾವ ನಂಬಿಕೆ ಮುರಿದಿದೆ ಎಂದು ಗುರುತಿಸಿ ಅದೊಂದನ್ನೇ ಮರಳಿ ಒದಗಿಸುವುದೇ ದೋಷ ನಿವಾರಣೆ. ಸಿಕ್ಕ ಪರಿಹಾರಗಳನ್ನೆಲ್ಲ ಒಟ್ಟಿಗೆ ಹಾಕಿದರೆ ಯಾವುದು ಕೆಲಸ ಮಾಡಿತು, ಯಾವುದು ಹೊಸ ತೊಂದರೆ ತಂದಿತು ಎಂದು ಹೇಳಲು ಆಗುವುದಿಲ್ಲ. ಒಂದು ಬದಲಾವಣೆ, ಒಂದು ಪರೀಕ್ಷೆ. ಫಲ ಕೊಡದಿದ್ದರೆ ಆ ಬದಲಾವಣೆಯನ್ನು ಹಿಂತೆಗೆದು ಮುಂದಿನದು.

ಈ ಬರಹದಲ್ಲಿ ವಿಂಡೋಸ್ 10 ಮತ್ತು 11ರ 64 ಬಿಟ್ ಆವೃತ್ತಿಗಳನ್ನೇ ಮುಖ್ಯವಾಗಿ ಗಮನದಲ್ಲಿ ಇಟ್ಟುಕೊಳ್ಳಲಾಗಿದೆ.

ಮೊದಲು ಗೇಮ್ ಯಾವ ಕಾಲದ್ದು ಎಂದು ಖಚಿತಪಡಿಸಿಕೊಳ್ಳಿ

ಪೆಟ್ಟಿಗೆಯ ಮೇಲಿನ ಇಸವಿಯನ್ನು ನೆಚ್ಚಬೇಡಿ. ಫೋಲ್ಡರ್ ತೆರೆದು ಫೈಲ್‌ಗಳನ್ನು ನೋಡಿ. ಡಾಸ್4ಜಿಡಬ್ಲ್ಯೂ ಎಂಬ ಎಕ್ಸ್‌ಇ ಫೈಲ್ (ಓಡಿಸುವ ಪ್ರೋಗ್ರಾಂ ಫೈಲ್) ಇದ್ದರೆ ಅದು ವಿಂಡೋಸ್‌ಗೆ ಮುಂಚಿನ ಡಾಸ್ ವ್ಯವಸ್ಥೆಯ ಗೇಮ್. ಗ್ಲೈಡ್2ಎಕ್ಸ್ ಎಂಬ ಡಿಎಲ್‌ಎಲ್ (ಪ್ರೋಗ್ರಾಂ ಬಳಸುವ ಸಹಾಯಕ ಕೋಡ್ ಫೈಲ್) ಇದ್ದರೆ 3ಡಿಎಫ್‌ಎಕ್ಸ್ ಕಂಪನಿಯ ವೂಡೂ ಗ್ರಾಫಿಕ್ಸ್ ಕಾರ್ಡ್‌ಗಳ ಕಾಲದ್ದು; ಗ್ಲೈಡ್ ಆ ಕಾರ್ಡ್‌ಗಳ 3ಡಿ ವ್ಯವಸ್ಥೆ. ಅನುಮಾನ ಉಳಿದರೆ ಎಕ್ಸ್‌ಇ ಫೈಲನ್ನು, ಬೈಟ್‌ಗಳನ್ನು ನೇರ ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ ತೆರೆಯಿರಿ. ಎಲ್ಲ ಎಕ್ಸ್‌ಇಗಳೂ 'ಎಂಝಡ್' ಎಂಬ ಎರಡು ಅಕ್ಷರಗಳಿಂದ ಶುರುವಾಗುತ್ತವೆ. ಅಲ್ಲಿಂದ ಕೆಲವು ನೂರು ಬೈಟ್ ಒಳಗೆ 'ಪಿಇ' ಕಂಡರೆ 32 ಬಿಟ್ ಇಲ್ಲವೇ 64 ಬಿಟ್ ವಿಂಡೋಸ್ ಪ್ರೋಗ್ರಾಂ, 'ಎನ್‌ಇ' ಕಂಡರೆ ವಿಂಡೋಸ್ 3.1 ಕಾಲದ 16 ಬಿಟ್ ಪ್ರೋಗ್ರಾಂ. ಎರಡೂ ಇಲ್ಲದಿದ್ದರೆ ಬಹುತೇಕ ಡಾಸ್.

ಇದು ತಿಳಿದರೆ ಅರ್ಧ ದಾರಿ ತಾನಾಗಿ ತೀರ್ಮಾನವಾಗುತ್ತದೆ. 64 ಬಿಟ್ ವಿಂಡೋಸ್‌ನಲ್ಲಿ 16 ಬಿಟ್ ಪ್ರೋಗ್ರಾಂ ಓಡುವುದೇ ಇಲ್ಲ. ಪ್ರೊಸೆಸರ್ 64 ಬಿಟ್ ಮೋಡ್‌ಗೆ ಹೋದ ಮೇಲೆ ಡಾಸ್ ಪ್ರೋಗ್ರಾಂಗಳಿಗೆ ಬೇಕಾದ ವರ್ಚುವಲ್ 8086 ಮೋಡ್ ಸಿಗುವುದಿಲ್ಲ, ಹಾಗಾಗಿ ಹಳೆಯ ವಿಂಡೋಸ್‌ನಲ್ಲಿದ್ದ ಎನ್‌ಟಿವಿಡಿಎಂ ಎಂಬ ಭಾಗವನ್ನು 64 ಬಿಟ್ ಆವೃತ್ತಿಗಳಲ್ಲಿ ಕೊಟ್ಟಿಲ್ಲ. ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೂ ಇಲ್ಲ. ಡಾಸ್ ಗೇಮ್ ಆದರೆ ಎಕ್ಸ್‌ಇಯ ಪ್ರಾಪರ್ಟೀಸ್‌ನಲ್ಲಿರುವ ಕಂಪ್ಯಾಟಿಬಿಲಿಟಿ ಟ್ಯಾಬ್‌ನಲ್ಲಿ ಹೊತ್ತು ಕಳೆಯದೆ, ಹಳೆಯ ಡಾಸ್ ಯಂತ್ರವನ್ನು ಅನುಕರಿಸುವ ಡಾಸ್‌ಬಾಕ್ಸ್‌ಗೆ ನೇರ ಹೋಗಿ. 'ಎನ್‌ಇ' ಪ್ರೋಗ್ರಾಂಗಳಿಗೆ ವೈನ್‌ವಿಡಿಎಂ ಎಂಬ ಉಚಿತ ಸಾಧನವಿದೆ.

ಡಾಸ್ ಗೇಮ್‌ಗಳು

ಡಾಸ್‌ಬಾಕ್ಸ್‌ನಲ್ಲಿ ಬರುವ ದೂರುಗಳಲ್ಲಿ ಹೆಚ್ಚಿನವು ವೇಗದ್ದು. ಸಂರಚನಾ ಫೈಲ್‌ನ 'ಸೈಕಲ್ಸ್' ಮೌಲ್ಯ ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಎಷ್ಟು ಸೂಚನೆಗಳನ್ನು ನಡೆಸಬೇಕು ಎಂದು ಹೇಳುತ್ತದೆ. 0.74 ಆವೃತ್ತಿಯ 'ಆಟೋ' ಸ್ಥಿತಿಯಲ್ಲಿ ಪ್ರೊಸೆಸರ್‌ನ ಹಳೆಯ 16 ಬಿಟ್ ಸ್ಥಿತಿಯಾದ ರಿಯಲ್ ಮೋಡ್‌ನ ಗೇಮ್‌ಗಳಿಗೆ 3000 ಸಿಗುತ್ತದೆ, ನಂತರ ಬಂದ ಪ್ರೊಟೆಕ್ಟೆಡ್ ಮೋಡ್‌ನ ಗೇಮ್‌ಗಳಿಗೆ ಯಂತ್ರದ ಪೂರ್ತಿ ಶಕ್ತಿ ಸಿಗುತ್ತದೆ. ಎರಡೂ ಅಂದಾಜುಗಳೇ. 1990ರ ವಿಂಗ್ ಕಮಾಂಡರ್‌ನಂಥ ಗೇಮ್ ತನ್ನ ವೇಗವನ್ನು ಗಡಿಯಾರದಿಂದ ಅಳೆಯುವುದಿಲ್ಲ, ಯಂತ್ರ ಓಡಿದಷ್ಟು ಓಡುತ್ತದೆ. ಅಂಥದ್ದಕ್ಕೆ 'ಫಿಕ್ಸೆಡ್' ಎಂದು ಬರೆದು ಸಂಖ್ಯೆ ಕೊಡಬೇಕು. 33 ಮೆಗಾಹರ್ಟ್ಸ್‌ನ 386ಕ್ಕೆ ಸುಮಾರು 6000, 66 ಮೆಗಾಹರ್ಟ್ಸ್‌ನ 486ಕ್ಕೆ ಸುಮಾರು 25,000 ಎಂದು ಹಿಡಿದು ಶುರುಮಾಡಿ. ಆಟದ ನಡುವೆಯೇ ಕಂಟ್ರೋಲ್ ಒತ್ತಿ ಎಫ್11ರಿಂದ ಇಳಿಸಬಹುದು, ಎಫ್12ರಿಂದ ಏರಿಸಬಹುದು. ಏರಿಸಿದಂತೆಲ್ಲ ಸದ್ದು ಒಡೆಯತೊಡಗಿದರೆ ನಿಮ್ಮ ಯಂತ್ರದ ಮಿತಿ ಮುಟ್ಟಿದಂತೆ. ಅಲ್ಲಿಂದ ಕೆಳಗಿಳಿಸಿ.

'ರನ್‌ಟೈಮ್ ಎರರ್ 200' ಬಂದು ಗೇಮ್ ಶುರುವಿನಲ್ಲೇ ನಿಂತರೆ ಅದೂ ವೇಗದ ದೋಷವೇ. ಟರ್ಬೊ ಪ್ಯಾಸ್ಕಲ್ ಎಂಬ ಹಳೆಯ ಪ್ರೋಗ್ರಾಮಿಂಗ್ ಸಾಧನದಲ್ಲಿ ಬರೆದ ಹಲವು ಪ್ರೋಗ್ರಾಂಗಳು ಶುರುವಾಗುವಾಗ ಒಂದು ಖಾಲಿ ಲೂಪ್ ಓಡಿಸಿ, ಗಡಿಯಾರದ ಒಂದು ಮಿಡಿತದಲ್ಲಿ, ಎಂದರೆ 55 ಮಿಲಿಸೆಕೆಂಡಿನಲ್ಲಿ, ಅದು ಎಷ್ಟು ಸುತ್ತು ಹಾಕಿತೆಂದು ಎಣಿಸಿ ಆ ಸಂಖ್ಯೆಯನ್ನು 55ರಿಂದ ಭಾಗಿಸುತ್ತವೆ. ಸುಮಾರು 200 ಮೆಗಾಹರ್ಟ್ಸ್ ದಾಟಿದ ಪ್ರೊಸೆಸರ್‌ನಲ್ಲಿ ಭಾಗಲಬ್ಧ 65,535 ಮೀರಿ 16 ಬಿಟ್‌ಗಳಲ್ಲಿ ಹಿಡಿಸುವುದಿಲ್ಲ. ಪ್ರೊಸೆಸರ್ ಅದನ್ನು ಸೊನ್ನೆಯಿಂದ ಭಾಗಿಸಿದ ತಪ್ಪಿನಂತೆಯೇ ವರದಿ ಮಾಡುತ್ತದೆ. ಸೈಕಲ್ಸ್ ಇಳಿಸಿ ಗೇಮ್ ಶುರುಮಾಡಿ, ಶುರುವಾದ ಮೇಲೆ ಏರಿಸಿದರೆ ಸಾಕು.

ಸದ್ದು ಇಲ್ಲದಿದ್ದರೆ ಗೇಮ್‌ನ ಸೆಟಪ್ ಪ್ರೋಗ್ರಾಂ ಓಡಿಸಿ ಸೌಂಡ್ ಬ್ಲಾಸ್ಟರ್ 16 ಆಯ್ದುಕೊಳ್ಳಿ. ಪೋರ್ಟ್ 220, ಐಆರ್‌ಕ್ಯೂ 7, ಡಿಎಂಎ 1, ಹೈ ಡಿಎಂಎ 5. ಇವು ಡಾಸ್‌ಬಾಕ್ಸ್‌ನ ಮೂಲ ಮೌಲ್ಯಗಳು. ಕೆಲವು ಗೇಮ್ ಐಆರ್‌ಕ್ಯೂ 5 ಎಂದೇ ಹಟ ಹಿಡಿಯುತ್ತವೆ. ಆಗ ಡಾಸ್‌ಬಾಕ್ಸ್ ಕಡೆಯಲ್ಲೇ 5 ಎಂದು ಬದಲಿಸಿ. 'ಪ್ಯಾಕ್ಡ್ ಫೈಲ್ ಈಸ್ ಕರಪ್ಟ್' ಎಂಬ ಸಂದೇಶ ಬಂದರೆ ಫೈಲ್ ಕೆಟ್ಟಿದೆ ಎಂದು ಹೊಸ ಪ್ರತಿ ಹುಡುಕಬೇಡಿ. ಆ ಪ್ರೋಗ್ರಾಂ ಮೆಮೊರಿಯ ಮೊದಲ 64 ಕೆಬಿ ಒಳಗೆ ಬಂದು ಕುಳಿತಾಗ ಅದನ್ನು ಬಿಚ್ಚುವ ಕೋಡ್ ತಪ್ಪುತ್ತದೆ ಅಷ್ಟೆ. ಎಕ್ಸ್‌ಇ ಹೆಸರಿನ ಮುಂದೆ 'ಲೋಡ್‌ಫಿಕ್ಸ್' ಎಂದು ಟೈಪ್ ಮಾಡಿದರೆ ಆ 64 ಕೆಬಿ ತುಂಬಿ ಗೇಮ್ ಮೇಲಕ್ಕೆ ಸರಿಯುತ್ತದೆ.

ಚಿತ್ರ ಚಪ್ಪಟೆಯಾಗಿ, ಮುಖಗಳು ಅಗಲವಾಗಿ ಕಂಡರೆ 'ಆಸ್ಪೆಕ್ಟ್' ಮೌಲ್ಯವನ್ನು 'ಟ್ರೂ' ಮಾಡಿ. 320×200ರ ಚಿತ್ರ ಆಗಿನ 4:3 ಮಾನಿಟರ್‌ನಲ್ಲಿ ಎತ್ತರಕ್ಕೆ 1.2 ಪಟ್ಟು ಹಿಗ್ಗಿ ಕಾಣುತ್ತಿತ್ತು. ಚಿತ್ರ ಬರೆದವರು ಅದನ್ನು ಲೆಕ್ಕಕ್ಕೆ ಹಿಡಿದೇ ಬರೆದರು, ಆದ್ದರಿಂದ ಹಿಗ್ಗಿದ ಚಿತ್ರವೇ ಸರಿಯಾದದ್ದು.

ಇನ್‌ಸ್ಟಾಲರ್ ಹಂತದಲ್ಲೇ ನಿಂತರೆ

ಗೇಮ್ 32 ಬಿಟ್, ಆದರೆ ಅದರ ಇನ್‌ಸ್ಟಾಲರ್ 16 ಬಿಟ್. ವಿಂಡೋಸ್ 95 ಕಾಲದ ಸಿಡಿಗಳಲ್ಲಿ ಇದು ತೀರಾ ಸಾಮಾನ್ಯ. 'ಈ ಆ್ಯಪ್ ನಿಮ್ಮ ಪಿಸಿಯಲ್ಲಿ ಓಡದು' ಎಂಬ ಸಂದೇಶ ಬರುತ್ತದೆ. ಇನ್‌ಸ್ಟಾಲರ್ ತಯಾರಿಸುವ ಇನ್‌ಸ್ಟಾಲ್‌ಶೀಲ್ಡ್ ಸಾಧನದ ಕೆಲವು ಹಳೆಯ ಆವೃತ್ತಿಗಳನ್ನು ವಿಂಡೋಸ್ ತಾನೇ ಗುರುತಿಸಿ 32 ಬಿಟ್ ಇಂಜಿನ್‌ಗೆ ಬದಲಿಸುತ್ತದೆ, ಎಲ್ಲವನ್ನೂ ಅಲ್ಲ. ಬದಲಿಸದಿದ್ದರೆ ವೈನ್‌ವಿಡಿಎಂ ಮೂಲಕ ಇನ್‌ಸ್ಟಾಲರ್ ಓಡಿಸಿ. ಅದೂ ಆಗದಿದ್ದರೆ ಸಿಡಿಯಲ್ಲಿರುವ 'ಡೇಟಾ1.ಕ್ಯಾಬ್' ಫೈಲನ್ನು ಅನ್‌ಶೀಲ್ಡ್ ಸಾಧನದಿಂದ ಬಿಚ್ಚಿ ಫೋಲ್ಡರ್‌ಗೆ ಹಾಕಿಕೊಳ್ಳಿ. ಸಾಮಾನ್ಯ ಜಿಪ್ ಸಾಧನಗಳು ಇನ್‌ಸ್ಟಾಲ್‌ಶೀಲ್ಡ್ ಕ್ಯಾಬ್‌ಗಳನ್ನು ತೆರೆಯಲಾರವು. ಹೀಗೆ ಕೈಯಿಂದ ಬಿಚ್ಚಿದಾಗ ರಿಜಿಸ್ಟ್ರಿ ಎಂಬ ವಿಂಡೋಸ್‌ನ ಸೆಟ್ಟಿಂಗ್ ಭಂಡಾರದ ನಮೂದುಗಳು ತಪ್ಪಿಹೋಗುತ್ತವೆ ಮತ್ತು ಗೇಮ್ 'ನಾನು ಇನ್‌ಸ್ಟಾಲ್ ಆಗಿಲ್ಲ' ಎನ್ನುತ್ತದೆ. 32 ಬಿಟ್ ಪ್ರೋಗ್ರಾಂಗಳು ಲೋಕಲ್ ಮೆಷಿನ್ ವಿಭಾಗದ ಸಾಫ್ಟ್‌ವೇರ್ ಕೀಯನ್ನು ಕೇಳಿದಾಗ ವಿಂಡೋಸ್ ತೋರಿಸುವುದು ಅದರೊಳಗಿನ 'ವಾವ್6432ನೋಡ್' ಎಂಬ ಕೀ. ನಮೂದುಗಳನ್ನು ಅಲ್ಲಿ ಬರೆಯಬೇಕು, ಹೊರಗಲ್ಲ.

ಇನ್ನೊಂದು ದೂರನ್ನು ತುಸು ಹತ್ತಿರದಿಂದ ನೋಡುವುದು ಒಳ್ಳೆಯದು, ಏಕೆಂದರೆ ಇದೇ ತರ್ಕ ಬೇರೆ ಕಡೆಯೂ ಮರಳಿ ಬರುತ್ತದೆ. ಡಿಸ್ಕ್‌ನಲ್ಲಿ 131 ಜಿಬಿ ಖಾಲಿ ಇದೆ, 300 ಎಂಬಿಯ ಗೇಮ್ 'ಸಾಕಷ್ಟು ಜಾಗವಿಲ್ಲ' ಎನ್ನುತ್ತದೆ. ಇನ್‌ಸ್ಟಾಲರ್ ಖಾಲಿ ಜಾಗವನ್ನು ಬೈಟ್‌ಗಳಲ್ಲಿ ಲೆಕ್ಕ ಹಾಕಿ 32 ಬಿಟ್ ಸಂಖ್ಯೆಯಲ್ಲಿ ಇಡುತ್ತದೆ. ಆ ಸಂಖ್ಯೆಗೆ ಹಿಡಿಸುವುದು 4 ಜಿಬಿ, ಮೇಲಿನದು ಉದುರಿಹೋಗುತ್ತದೆ. 131ನ್ನು 4ರಿಂದ ಭಾಗಿಸಿದರೆ ಶೇಷ 3. ಚಿಹ್ನೆಯುಳ್ಳ 32 ಬಿಟ್ ಸಂಖ್ಯೆಯಲ್ಲಿ 2 ಜಿಬಿ ದಾಟಿದ್ದೆಲ್ಲ ಋಣಾತ್ಮಕ, ಹಾಗಾಗಿ 3 ಜಿಬಿ ಅಲ್ಲಿ ಮೈನಸ್ 1 ಜಿಬಿ ಆಗುತ್ತದೆ. ಈಗ ಅದೇ ಡಿಸ್ಕ್‌ನಲ್ಲಿ 2 ಜಿಬಿಯ ಒಂದು ಖಾಲಿ ಫೈಲ್ ಸೃಷ್ಟಿಸಿ. ಉಳಿದದ್ದು 129, ಶೇಷ 1. ಇನ್‌ಸ್ಟಾಲರ್ ತಕರಾರಿಲ್ಲದೆ ಮುಂದುವರಿಯುತ್ತದೆ. ವಿಂಡೋಸ್‌ನಲ್ಲೇ ಇರುವ 'ಎಫ್‌ಎಸ್‌ಯುಟಿಲ್' ಆದೇಶದ 'ಫೈಲ್ ಕ್ರಿಯೇಟ್‌ನ್ಯೂ' ಆಯ್ಕೆಗೆ 2147483648 ಎಂಬ ಗಾತ್ರ ಕೊಟ್ಟರೆ ಆ ಫೈಲ್ ಕ್ಷಣದಲ್ಲಿ ಸಿದ್ಧ. ಇನ್‌ಸ್ಟಾಲ್ ಮುಗಿದ ಮೇಲೆ ಅಳಿಸಿಬಿಡಿ. ಗೇಮ್ ಪ್ರತಿ ಸಲ ಶುರುವಾಗುವಾಗಲೂ ಜಾಗ ಪರೀಕ್ಷಿಸುವುದಾದರೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಎರಡು ಜಿಬಿಗಿಂತ ಚಿಕ್ಕ ವಿಎಚ್‌ಡಿ (ಫೈಲ್ ರೂಪದ ಡಿಸ್ಕ್) ಮಾಡಿ ಅದರೊಳಗೇ ಗೇಮ್ ಇಡುವುದು ಕಾಯಂ ಪರಿಹಾರ.

ವಿಡಿಯೊ ಮೆಮೊರಿಯದೂ ಇದೇ ಕತೆ. 4 ಜಿಬಿ, 8 ಜಿಬಿ, 12 ಜಿಬಿ ಯಾವುದೇ ಇರಲಿ, 32 ಬಿಟ್‌ಗೆ ಮೊಟಕಾದರೆ ಉಳಿಯುವುದು ಸೊನ್ನೆ. 'ನಿಮ್ಮ ಕಾರ್ಡ್‌ನಲ್ಲಿ 16 ಎಂಬಿ ಮೆಮೊರಿಯೂ ಇಲ್ಲ' ಎಂದು ಗೇಮ್ ಹೇಳಿದರೆ ಇದನ್ನು ಶಂಕಿಸಿ. ಮುಂದೆ ಹೇಳುವ ಡಿಜಿವೂಡೂದಲ್ಲಿ ವಿಡಿಯೊ ಮೆಮೊರಿಯನ್ನು 128 ಇಲ್ಲವೇ 256 ಎಂಬಿ ಎಂದು ತೋರಿಸಬಹುದು.

ಡಬಲ್ ಕ್ಲಿಕ್ ಮಾಡಿದರೂ ಏನೂ ಆಗದಿದ್ದರೆ

ಊಹೆ ಮಾಡುವ ಮೊದಲು ಇವೆಂಟ್ ವ್ಯೂವರ್ ತೆರೆಯಿರಿ. ವಿಂಡೋಸ್ ಲಾಗ್ಸ್ ಅಡಿಯ ಅಪ್ಲಿಕೇಶನ್ ಪಟ್ಟಿಯಲ್ಲಿ 1000 ಸಂಖ್ಯೆಯ ದೋಷ ಹುಡುಕಿ. ಅಲ್ಲಿ 'ಫಾಲ್ಟಿಂಗ್ ಮಾಡ್ಯೂಲ್' ಎಂಬ ಸಾಲು ಗೇಮ್ ಯಾವ ಫೈಲ್‌ನೊಳಗೆ ಬಿತ್ತೆಂದು ಹೇಳುತ್ತದೆ, 'ಎಕ್ಸೆಪ್ಶನ್ ಕೋಡ್' ಹೇಗೆ ಬಿತ್ತೆಂದು ಹೇಳುತ್ತದೆ. ಕೋಡ್‌ನ ಕೊನೆಯ ಎಂಟು ಸ್ಥಾನಗಳನ್ನು ನೋಡಿ. ಸಿ0000005 ಎಂದರೆ ತನ್ನದಲ್ಲದ ಮೆಮೊರಿಯನ್ನು ಮುಟ್ಟಿದೆ. ಸಿ0000094 ಎಂದರೆ ಸೊನ್ನೆಯಿಂದ ಭಾಗಾಕಾರ, ಸಾಮಾನ್ಯವಾಗಿ ವೇಗದ ಲೆಕ್ಕ ತಪ್ಪಿದ್ದು. ಲಾಗ್‌ನಲ್ಲಿ ಸಿಗದೆ ಪರದೆಯ ಮೇಲೆ ಬರುವ ಎರಡು ಕೋಡ್‌ಗಳೂ ಇವೆ. ಸಿ0000135 ಎಂದರೆ ಬೇಕಾದ ಡಿಎಲ್‌ಎಲ್ ಸಿಗಲಿಲ್ಲ. ಸಿ000007ಬಿ ಬಂದರೆ ಬಹುಪಾಲು 32 ಬಿಟ್ ಗೇಮ್‌ಗೆ 64 ಬಿಟ್ ಡಿಎಲ್‌ಎಲ್ ಸಿಕ್ಕಿದೆ. ಫೋಲ್ಡರ್‌ಗೆ ತಪ್ಪು ಪ್ರತಿ ಹಾಕಿದಾಗ ಆಗುವುದು ಇದೇ.

ಕಾಣೆಯಾದ ಡಿಎಲ್‌ಎಲ್ ಹೆಸರು 'ಡಿ3ಡಿಎಕ್ಸ್9' ಎಂದು ಶುರುವಾಗಿ ಎರಡಂಕಿಯ ಸಂಖ್ಯೆಯಿಂದ ಮುಗಿದರೆ, ವಿಂಡೋಸ್‌ನ ಗ್ರಾಫಿಕ್ಸ್ ಮತ್ತು ಸದ್ದಿನ ವ್ಯವಸ್ಥೆಯಾದ ಡೈರೆಕ್ಟ್‌ಎಕ್ಸ್ 12 ಇದ್ದರೂ ಪ್ರಯೋಜನವಿಲ್ಲ. ಆ ಸಹಾಯಕ ಫೈಲ್‌ಗಳು ವಿಂಡೋಸ್ ಜತೆ ಬರುವುದಿಲ್ಲ, ಮತ್ತು 30 ಕೇಳುವ ಗೇಮ್ 43ನ್ನು ಒಪ್ಪುವುದಿಲ್ಲ. ಮೈಕ್ರೋಸಾಫ್ಟ್‌ನ ಜೂನ್ 2010ರ ಡೈರೆಕ್ಟ್‌ಎಕ್ಸ್ ಪ್ಯಾಕೇಜ್‌ನಲ್ಲಿ ಅಷ್ಟೂ ಇವೆ. ಬಿಡಿ ಡಿಎಲ್‌ಎಲ್ ಇಳಿಸಿಕೊಡುವ ತಾಣಗಳ ಕಡೆ ತಲೆ ಹಾಕಬೇಡಿ. ಒಳಗೇನಿದೆ ಎಂಬ ಭರವಸೆ ಇಲ್ಲ. ವಿಷುವಲ್ ಸಿ++ ಪ್ಯಾಕೇಜ್ ಬೇಕೆಂದರೆ 64 ಬಿಟ್ ವಿಂಡೋಸ್‌ನಲ್ಲೂ ಎಕ್ಸ್86 ಪ್ರತಿಯನ್ನೇ ಹಾಕಬೇಕು, ಏಕೆಂದರೆ ಗೇಮ್ 32 ಬಿಟ್. ಹಳೆಯ ಗೇಮ್‌ಗಳ ನೆಟ್‌ವರ್ಕ್ ಭಾಗವಾದ ಡೈರೆಕ್ಟ್‌ಪ್ಲೇ ಕೇಳಿದರೆ ವಿಂಡೋಸ್ ಫೀಚರ್ಸ್ ಪಟ್ಟಿಯ ಲೆಗಸಿ ಕಾಂಪೊನೆಂಟ್ಸ್ ಅಡಿಯಲ್ಲಿ ಟಿಕ್ ಹಾಕಿ.

ಕರ್ಸರ್ ಒಂದು ಕ್ಷಣ ತಿರುಗಿ, ಯಾವ ಸಂದೇಶವೂ ಇಲ್ಲದೆ, ಲಾಗ್‌ನಲ್ಲೂ ಸುಳಿವಿಲ್ಲದೆ ಗೇಮ್ ಮಾಯವಾದರೆ ಅಥವಾ ಸಿಡಿ ಡ್ರೈವ್‌ನಲ್ಲೇ ಇದ್ದರೂ 'ಸರಿಯಾದ ಸಿಡಿ ಹಾಕಿ' ಎಂದರೆ ಸಿಡಿಯ ನಕಲು ತಡೆಯುವ ರಕ್ಷಣೆಯ ಕಡೆ ನೋಡಿ. ಸಿಡಿಯ ಮೂಲದಲ್ಲಿ 00000001 ಎಂಬ ಹೆಸರಿನ ಟಿಎಂಪಿ ಫೈಲ್ ಇದ್ದರೆ ಅದು ಸೇಫ್‌ಡಿಸ್ಕ್. ಅದಕ್ಕೆ ಬೇಕಾದ 'ಸೆಕ್‌ಡ್ರೈವ್' ಡ್ರೈವರ್ ವಿಂಡೋಸ್‌ನ ತಿರುಳಿನೊಳಗೆ ಓಡುತ್ತಿತ್ತು, ಅದರಲ್ಲಿ ಭದ್ರತಾ ಬಿರುಕು ಇತ್ತು. ವಿಂಡೋಸ್ 10ರಲ್ಲಿ ಅದನ್ನು ಕೊಡಲಿಲ್ಲ, ಸೆಪ್ಟೆಂಬರ್ 2015ರ ಅಪ್‌ಡೇಟ್ ಹಿಂದಿನ ವಿಂಡೋಸ್‌ಗಳಲ್ಲೂ ನಿಷ್ಕ್ರಿಯಗೊಳಿಸಿತು. ಸೆಟ್ಟಿಂಗ್ ಬದಲಿಸಿ ಇದನ್ನು ಸರಿಮಾಡಲು ಆಗುವುದಿಲ್ಲ, ಆ ಡ್ರೈವರನ್ನು ಎಲ್ಲಿಂದಲೋ ತಂದು ಹಾಕುವುದು ಇಡೀ ಯಂತ್ರವನ್ನು ಅಪಾಯಕ್ಕೆ ಒಡ್ಡುತ್ತದೆ. ಪ್ರಕಾಶಕರ ಕೊನೆಯ ಅಧಿಕೃತ ಪ್ಯಾಚ್ ಮೊದಲು ಹುಡುಕಿ. ಸಿಡಿ ತಪಾಸಣೆಯನ್ನೇ ತೆಗೆದ ಪ್ಯಾಚ್‌ಗಳು ಬಹಳ ಗೇಮ್‌ಗಳಿಗೆ ಬಂದಿವೆ. ಇಲ್ಲವಾದರೆ ರಕ್ಷಣೆಯಿಲ್ಲದ ಡಿಜಿಟಲ್ ಮರುಬಿಡುಗಡೆ ಕೊಳ್ಳುವುದು ಶ್ರಮಕ್ಕಿಂತ ಅಗ್ಗ.

ಫಾಲ್ಟಿಂಗ್ ಮಾಡ್ಯೂಲ್ ಜಾಗದಲ್ಲಿ 'ಎನ್‌ವಿಒಜಿಎಲ್‌ವಿ32' ಅಥವಾ 'ಎಟಿಐಒಜಿಎಲ್‌ಎಕ್ಸ್‌ಎಕ್ಸ್' ಕಂಡರೆ ಅವು ಓಪನ್‌ಜಿಎಲ್ ಎಂಬ 3ಡಿ ಚಿತ್ರ ವ್ಯವಸ್ಥೆಗೆ ಎನ್‌ವಿಡಿಯಾ ಮತ್ತು ಎಎಂಡಿ ಕೊಡುವ ಡ್ರೈವರ್‌ಗಳು. ಆದರೆ ತಪ್ಪು ಡ್ರೈವರ್‌ನದ್ದೇ ಆಗಿರಬೇಕಿಲ್ಲ. ಹಳೆಯ ಓಪನ್‌ಜಿಎಲ್ ಗೇಮ್‌ಗಳು ಕಾರ್ಡ್‌ನ ಸಾಮರ್ಥ್ಯಗಳ ಪಟ್ಟಿಯನ್ನು ಒಂದೇ ಉದ್ದ ಸಾಲಾಗಿ ಕೇಳಿ ಪಡೆದು, ಒಂದೆರಡು ಸಾವಿರ ಅಕ್ಷರಗಳ ಜಾಗಕ್ಕೆ ನಕಲು ಮಾಡುತ್ತಿದ್ದವು. ಇಂದಿನ ಕಾರ್ಡ್‌ಗಳ ಪಟ್ಟಿ ಅದನ್ನು ಮೀರಿ ಪಕ್ಕದ ಮೆಮೊರಿಯ ಮೇಲೆ ಹರಿಯುತ್ತದೆ. ಲಿನಕ್ಸ್‌ನ ಮೆಸಾ ಡ್ರೈವರ್‌ನಲ್ಲಿ ಪಟ್ಟಿಯನ್ನು 2003ರವರೆಗಿನ ಸಾಮರ್ಥ್ಯಗಳಿಗೆ ಸೀಮಿತಗೊಳಿಸುವ ಪರಿಸರ ಚರವೇ ಇದೆ. ವಿಂಡೋಸ್‌ನಲ್ಲಿ ತಿದ್ದಿದ ಎಕ್ಸ್‌ಇ ಅಥವಾ ಮೂಲ ಕೋಡ್‌ನಿಂದ ಮರುಕಟ್ಟಿದ ಇಂಜಿನ್ ಹುಡುಕಿ. ಕ್ವೇಕ್ 3 ಸರಣಿಗೆ ಐಒಕ್ವೇಕ್3 ಅಂಥದ್ದು.

ಗೇಮ್ ತೆರೆಯುತ್ತದೆ, ಚಿತ್ರ ಸರಿಯಿಲ್ಲ

ಬಣ್ಣ ಕಲಸಿದ ಮೆನು, ಕಪ್ಪು ಪರದೆಯ ಹಿಂದೆ ಕೇಳುವ ಸಂಗೀತ, 2ಡಿ ಗೇಮ್ ಆದರೂ ತೆವಳುವ ಮೌಸ್: ಮೂರಕ್ಕೂ ಸಾಮಾನ್ಯ ಕಾರಣ ಡೈರೆಕ್ಟ್‌ಎಕ್ಸ್‌ನ ಹಳೆಯ 2ಡಿ ಭಾಗವಾದ ಡೈರೆಕ್ಟ್‌ಡ್ರಾ. ವಿಂಡೋಸ್ 8ರಿಂದ ಈಚೆಗೆ 8 ಬಿಟ್ ಮತ್ತು 16 ಬಿಟ್ ಬಣ್ಣದ ಮೋಡ್‌ಗಳು ನಿಜವಾಗಿ ಇಲ್ಲ, 32 ಬಿಟ್ ಮೋಡ್‌ನ ಮೇಲೆ ಅನುಕರಿಸಲಾಗುತ್ತದೆ. ಈ ಅನುಕರಣೆ ನಿಧಾನ, ಎಲ್ಲ ಗೇಮ್‌ಗೂ ಹೊಂದುವುದಿಲ್ಲ. ಪರಿಹಾರ ವ್ರ್ಯಾಪರ್, ಅಂದರೆ ಗೇಮ್ ಕೇಳುವ ಡಿಎಲ್‌ಎಲ್‌ನ ಹೆಸರಿನಲ್ಲೇ ಕುಳಿತು ಹಳೆಯ ಕರೆಗಳನ್ನು ಹೊಸ ಡೈರೆಕ್ಟ್‌ಎಕ್ಸ್ ಇಲ್ಲವೇ ಓಪನ್‌ಜಿಎಲ್‌ಗೆ ಬದಲಿಸುವ ಫೈಲ್. ಕಮಾಂಡ್ ಆ್ಯಂಡ್ ಕಾಂಕರ್‌ನಂಥ 2ಡಿ ತಂತ್ರದ ಗೇಮ್‌ಗಳಿಗೆ ಸಿಎನ್‌ಸಿ-ಡಿಡ್ರಾ ಮೊದಲ ಆಯ್ಕೆ. 3ಡಿ ಗೇಮ್ ಮತ್ತು ಗ್ಲೈಡ್ ಗೇಮ್‌ಗಳಿಗೆ ಡಿಜಿವೂಡೂ2.

ಡಿಜಿವೂಡೂ ಹಾಕುವ ಬಗೆ: 'ಎಂಎಸ್' ಫೋಲ್ಡರ್‌ನ ಎಕ್ಸ್86 ಒಳಗಿಂದ ಬೇಕಾದ ಡಿಎಲ್‌ಎಲ್‌ಗಳನ್ನು, ಗ್ಲೈಡ್ ಗೇಮ್ ಆದರೆ '3ಡಿಎಫ್‌ಎಕ್ಸ್' ಫೋಲ್ಡರ್‌ನಿಂದ, ಗೇಮ್‌ನ ಎಕ್ಸ್‌ಇ ಇರುವ ಜಾಗಕ್ಕೆ ನಕಲು ಮಾಡಿ. ಲಾಂಚರ್ ಇರುವ ಜಾಗಕ್ಕಲ್ಲ. ಎಷ್ಟೋ ಗೇಮ್‌ಗಳಲ್ಲಿ ನಿಜವಾದ ಎಕ್ಸ್‌ಇ ಒಳಗಿನ 'ಬಿನ್' ಅಥವಾ 'ಸಿಸ್ಟಮ್' ಫೋಲ್ಡರ್‌ನಲ್ಲಿ ಇರುತ್ತದೆ. ಅದರ ನಿಯಂತ್ರಣ ಪ್ರೋಗ್ರಾಂ ಮತ್ತು ಸಂರಚನಾ ಫೈಲೂ ಅಲ್ಲಿಗೇ. ಡೈರೆಕ್ಟ್‌ಎಕ್ಸ್ ಟ್ಯಾಬ್‌ನಲ್ಲಿರುವ ವಾಟರ್‌ಮಾರ್ಕ್ ಆಯ್ಕೆಯನ್ನು ಮೊದಲ ಸಲ ಹಾಗೇ ಬಿಡಿ. ಪರದೆಯ ಮೂಲೆಯಲ್ಲಿ ಆ ಗುರುತು ಕಂಡರೆ ವ್ರ್ಯಾಪರ್ ನಿಜಕ್ಕೂ ಕೆಲಸಕ್ಕೆ ಬಂದಿದೆ ಎಂದು ಖಾತ್ರಿ. ಕಾಣದಿದ್ದರೆ ಯಾವ ಸೆಟ್ಟಿಂಗ್ ಬದಲಿಸಿದರೂ ವ್ಯರ್ಥ, ಗೇಮ್ ಇನ್ನೂ ವಿಂಡೋಸ್‌ನ ಸ್ವಂತ ಡಿಎಲ್‌ಎಲ್ ಬಳಸುತ್ತಿದೆ. ವ್ರ್ಯಾಪರ್‌ಗಳನ್ನು ವಿಂಡೋಸ್‌ನ ಸಿಸ್ಟಮ್ ಫೋಲ್ಡರ್‌ಗೆ ಎಂದೂ ಹಾಕಬೇಡಿ, ಬೇರೆ ಪ್ರೋಗ್ರಾಂಗಳೆಲ್ಲ ಸಿಕ್ಕಿಬೀಳುತ್ತವೆ.

ಇಲ್ಲಿ ಕಂಪ್ಯಾಟಿಬಿಲಿಟಿ ಮೋಡ್ ಬಗ್ಗೆ ಒಂದು ಮಾತು. ಅದು ಯಂತ್ರವನ್ನು ವಿಂಡೋಸ್ 98 ಮಾಡುವುದಿಲ್ಲ. ಆವೃತ್ತಿ ಸಂಖ್ಯೆಯನ್ನು ಬೇರೆಯಾಗಿ ಹೇಳುತ್ತದೆ, ಕೆಲವು ಕರೆಗಳ ನಡುವೆ ತೇಪೆ ಹಾಕುತ್ತದೆ. ಗೇಮ್ ಆವೃತ್ತಿಯ ಬಗ್ಗೆಯೇ ತಕರಾರು ಮಾಡಿದರೆ ಇದು ಉಪಯುಕ್ತ. ಆದರೆ ವ್ರ್ಯಾಪರ್ ಜತೆ ಇದೇ ತೇಪೆಗಳು ಜಗಳವಾಡುತ್ತವೆ, ಮತ್ತು ವಿಂಡೋಸ್ ಕೆಲವೊಮ್ಮೆ ಕೇಳದೆಯೇ ತೇಪೆ ಹಾಕಿರುತ್ತದೆ. ಕರೆಂಟ್ ಯೂಸರ್ ವಿಭಾಗದ 'ಆ್ಯಪ್‌ಕಾಂಪ್ಯಾಟ್‌ಫ್ಲ್ಯಾಗ್ಸ್' ಒಳಗಿನ 'ಲೇಯರ್ಸ್' ಕೀಯಲ್ಲಿ ಗೇಮ್‌ನ ಎಕ್ಸ್‌ಇ ಹೆಸರಿದ್ದರೆ ಅಳಿಸಿ, ಆಮೇಲೆ ವ್ರ್ಯಾಪರ್ ಪರೀಕ್ಷಿಸಿ.

ಗೇಮ್ ಪರದೆಯ ಎಡ ಮೇಲ್ಮೂಲೆಯಲ್ಲಷ್ಟೇ ಕಂಡರೆ ಅಥವಾ ಕ್ಲಿಕ್ ಒಂದು ಕಡೆ, ಕರ್ಸರ್ ಇನ್ನೊಂದು ಕಡೆ ಇದ್ದರೆ ಅದಕ್ಕೆ ಕಾರಣ ಡಿಪಿಐ ಹಿಗ್ಗಿಸುವಿಕೆ, ಅಂದರೆ ಪರದೆಯ ಮೇಲಿನದನ್ನು ವಿಂಡೋಸ್ ದೊಡ್ಡದು ಮಾಡಿ ತೋರಿಸುವುದು. ಕಂಪ್ಯಾಟಿಬಿಲಿಟಿ ಟ್ಯಾಬ್‌ನ ಹೈ ಡಿಪಿಐ ಸೆಟ್ಟಿಂಗ್‌ನಲ್ಲಿ ಓವರ್‌ರೈಡ್ ಟಿಕ್ ಹಾಕಿ 'ಅಪ್ಲಿಕೇಶನ್' ಆಯ್ದುಕೊಳ್ಳಿ. ಇದೊಂದು ಆಯ್ಕೆ ವ್ರ್ಯಾಪರ್ ಜತೆಗೂ ಬೇಕಾಗಬಹುದು. ಆರಂಭದ ವಿಡಿಯೊ ಹೊತ್ತಿಗೇ ಗೇಮ್ ಬಿದ್ದರೆ ವಿಡಿಯೊ ಬಿಚ್ಚುವ ಹಳೆಯ ಇಂಡಿಯೊ ಕೋಡೆಕ್ ಕಾರಣ ಆಗಿರಬಹುದು. ವಿಡಿಯೊ ಫೈಲ್‌ಗಳ ಹೆಸರು ಬದಲಿಸಿ ನೋಡಿ, ಬಹಳಷ್ಟು ಗೇಮ್ ಅವಿಲ್ಲದಿದ್ದರೆ ನೇರ ಮೆನುಗೆ ಹೋಗುತ್ತವೆ.

ಓಡುತ್ತದೆ, ಆದರೆ ವೇಗ ತಪ್ಪಿದೆ

ವಿಂಡೋಸ್ ಗೇಮ್‌ಗಳಲ್ಲಿ ವೇಗ ಪ್ರೊಸೆಸರ್‌ಗಿಂತ ಫ್ರೇಮ್ ದರಕ್ಕೆ ಕಟ್ಟಿಕೊಂಡಿರುತ್ತದೆ. 2011ರ ಮೂಲ ಸ್ಕೈರಿಮ್‌ನಲ್ಲಿ 60 ಫ್ರೇಮ್ ದಾಟಿದರೆ ಮೇಜಿನ ಮೇಲಿನ ಪಾತ್ರೆಗಳು ತಾವಾಗಿ ಹಾರುತ್ತವೆ. 144 ಹರ್ಟ್ಸ್ ಮಾನಿಟರ್‌ನಲ್ಲಿ ವಿ-ಸಿಂಕ್ (ಫ್ರೇಮ್‌ಗಳನ್ನು ಮಾನಿಟರ್ ದರಕ್ಕೆ ಹೊಂದಿಸುವ ಆಯ್ಕೆ) ಹಾಕಿದರೂ ಸಿಗುವುದು 144 ಫ್ರೇಮ್, ಆದ್ದರಿಂದ ಅದು ಪರಿಹಾರವಲ್ಲ. ಗ್ರಾಫಿಕ್ಸ್ ಡ್ರೈವರ್‌ನ ಫ್ರೇಮ್ ಮಿತಿ ಅಥವಾ ರಿವಾಟ್ಯೂನರ್ ಸ್ಟ್ಯಾಟಿಸ್ಟಿಕ್ಸ್ ಸರ್ವರ್‌ನಲ್ಲಿ ಆ ಗೇಮ್‌ಗಷ್ಟೇ 60 ಇಡಿ. ಇನ್ನೂ ಹಳೆಯದಾದರೆ 30 ಇಟ್ಟು ನೋಡಿ.

ಬಹುಕೋರ್‌ನಿಂದ ಆಗುವ ಹೆಪ್ಪುಗಟ್ಟುವಿಕೆ ಬೇರೆಯೇ. ಫಾಲ್‌ಔಟ್ 3 ಆಟದ ನಡುವೆ ನಿಂತುಬಿಡುವುದಕ್ಕೆ ಹೆಸರಾಗಿದೆ. ಅದರ ಸಂರಚನಾ ಫೈಲ್‌ನ ಜನರಲ್ ಭಾಗದಲ್ಲಿ 'ಐನಮ್‌ಎಚ್‌ಡಬ್ಲ್ಯೂಥ್ರೆಡ್ಸ್' ಮೌಲ್ಯವನ್ನು 2 ಎಂದು ಇಟ್ಟರೆ ತಹಬಂದಿಗೆ ಬರುತ್ತದೆ. ಸೆಟ್ಟಿಂಗ್ ಇಲ್ಲದ ಗೇಮ್‌ಗೆ ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್ ಪಟ್ಟಿಯಲ್ಲಿ ಅಫಿನಿಟಿಯನ್ನು ಒಂದೇ ಕೋರ್‌ಗೆ ಕಟ್ಟಿ ನೋಡಿ.

ನಿನ್ನೆ ಸರಾಗವಾಗಿದ್ದ ಗೇಮ್ ಇಂದು ಕುಂಟಿದರೆ ಯಂತ್ರ ಎಷ್ಟು ಹೊತ್ತಿನಿಂದ ಓಡುತ್ತಿದೆ ಎಂದು ಟಾಸ್ಕ್ ಮ್ಯಾನೇಜರ್‌ನ ಸಿಪಿಯು ಪುಟದಲ್ಲಿ 'ಅಪ್ ಟೈಮ್' ನೋಡಿ. ಕೆಲವು ಗೇಮ್‌ಗಳು ವಿಂಡೋಸ್ ಶುರುವಾದಾಗಿನಿಂದ ಕಳೆದ ಮಿಲಿಸೆಕೆಂಡುಗಳನ್ನು ದಶಮಾಂಶ ಸಂಖ್ಯೆಯಾಗಿ ಇಟ್ಟುಕೊಳ್ಳುತ್ತವೆ. ದಿನ ಕಳೆದಂತೆ ಸಂಖ್ಯೆ ದೊಡ್ಡದಾಗಿ ಸೂಕ್ಷ್ಮತೆ ಹೋಗುತ್ತದೆ. ಚಿಹ್ನೆಯುಳ್ಳ 32 ಬಿಟ್ ಸಂಖ್ಯೆ ಬಳಸುವವು 24.9 ದಿನ ದಾಟಿದರೆ ಋಣಾತ್ಮಕಕ್ಕೆ ಹೊರಳುತ್ತವೆ. ಫಾಸ್ಟ್ ಸ್ಟಾರ್ಟಪ್ ಇರುವ ಯಂತ್ರದಲ್ಲಿ ಶಟ್‌ಡೌನ್ ಮಾಡಿದರೂ ಈ ಎಣಿಕೆ ಸೊನ್ನೆಗೆ ಬರುವುದಿಲ್ಲ. ರೀಸ್ಟಾರ್ಟ್ ಮಾಡಬೇಕು.

ಸೇವ್, ಸದ್ದು, ಮೌಸ್

ಸೇವ್ ಆಗುವುದಿಲ್ಲ, ಅಥವಾ ಸೇವ್ ಫೈಲ್ ಎಲ್ಲಿದೆ ಎಂದೇ ಕಾಣುವುದಿಲ್ಲ. ಪ್ರೋಗ್ರಾಂ ಫೈಲ್ಸ್ ಒಳಗೆ ಹಾಕಿದ ಗೇಮ್ ತನ್ನ ಫೋಲ್ಡರ್‌ಗೆ ಬರೆಯಹೋದರೆ, ವಿಸ್ಟಾದಿಂದ ಈಚೆಗೆ ವಿಂಡೋಸ್ ಅದನ್ನು ಬಳಕೆದಾರರ ಲೋಕಲ್ ಆ್ಯಪ್ ಡೇಟಾ ಒಳಗಿನ 'ವರ್ಚುವಲ್‌ಸ್ಟೋರ್'ಗೆ ತಿರುಗಿಸುತ್ತದೆ. ಗೇಮ್‌ಗಳನ್ನು ಡ್ರೈವ್‌ನ ಮೂಲದಲ್ಲೇ ಒಂದು ಪ್ರತ್ಯೇಕ ಫೋಲ್ಡರ್ ಮಾಡಿ ಅಲ್ಲಿಡಿ, ಪಾತ್ ಚಿಕ್ಕದಾಗಿರಲಿ. ಡಾಕ್ಯುಮೆಂಟ್ಸ್‌ಗೆ ಸೇವ್ ಮಾಡುವ ಗೇಮ್ ಸೋತರೆ ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್ ತಡೆಯುತ್ತಿದೆಯೇ ನೋಡಿ. ವಿಂಡೋಸ್ ಬಳಕೆದಾರರ ಹೆಸರನ್ನು ಕನ್ನಡದಂಥ ಲಿಪಿಯಲ್ಲಿ ಇಟ್ಟಿದ್ದರೂ ಹಳೆಯ ಗೇಮ್ ಆ ಪಾತ್ ಓದಲಾರದೆ ಸೋಲುತ್ತದೆ; ಇಂಗ್ಲಿಷ್ ಅಕ್ಷರಗಳ ಹೊಸ ಖಾತೆ ತೆರೆದು ಪರೀಕ್ಷಿಸಿ.

ಸದ್ದಿನ ಪರಿಣಾಮಗಳಿವೆ, ಹಿನ್ನೆಲೆ ಸಂಗೀತ ಮಾತ್ರ ಇಲ್ಲ ಎಂದರೆ ಸಂಗೀತ ಸಿಡಿಯ ಆಡಿಯೊ ಟ್ರ್ಯಾಕ್‌ಗಳಲ್ಲಿ ಇದೆ. ಐಎಸ್‌ಒ ಪ್ರತಿಯಲ್ಲಿ ಡೇಟಾ ಟ್ರ್ಯಾಕ್ ಮಾತ್ರ ಬರುತ್ತದೆ. ಸಿಡಿಯನ್ನು ಬಿನ್ ಮತ್ತು ಕ್ಯೂ ಜೋಡಿಯಾಗಿ ಮತ್ತೆ ಪ್ರತಿ ಮಾಡಿಕೊಳ್ಳಿ. 3ಡಿ ಸದ್ದಿನ ಇಎಎಕ್ಸ್ ಆಯ್ಕೆ ಮಸುಕಾಗಿದ್ದರೆ ಅದಕ್ಕೆ ಬೇಕಾದ ಡೈರೆಕ್ಟ್‌ಸೌಂಡ್ ಹಾರ್ಡ್‌ವೇರ್ ಪದರವನ್ನು ವಿಸ್ಟಾದಲ್ಲೇ ತೆಗೆದುಹಾಕಲಾಯಿತು. ಡಿಎಸ್‌ಒಎಎಲ್ ವ್ರ್ಯಾಪರ್ ಓಪನ್‌ಎಎಲ್ ಮೂಲಕ ಅದನ್ನು ಮರಳಿಸುತ್ತದೆ, ಮತ್ತು ಆ ಕಾಲದ ಭಯದ ಗೇಮ್‌ಗಳನ್ನು ಹಾಗೆ ಕೇಳುವುದು ಖಂಡಿತ ಶ್ರಮಕ್ಕೆ ತಕ್ಕದ್ದು.

ಮೌಸ್ ಅಲುಗಿಸಿದಾಗಷ್ಟೇ ಗೇಮ್ ತಡವರಿಸಿದರೆ ಮೌಸ್‌ನ ಪೋಲಿಂಗ್ ದರವನ್ನು (ಅದು ಸೆಕೆಂಡಿಗೆ ಎಷ್ಟು ಸಲ ವರದಿ ಮಾಡುತ್ತದೆ ಎಂಬುದನ್ನು) 1000ದಿಂದ 125 ಹರ್ಟ್ಸ್‌ಗೆ ಇಳಿಸಿ. ಕ್ಯಾಮೆರಾ ತಾನಾಗಿ ಒಂದೇ ಕಡೆ ತಿರುಗುತ್ತಿದ್ದರೆ ಎಲ್ಲ ಕಂಟ್ರೋಲರ್‌ಗಳನ್ನು ಕಳಚಿ ನೋಡಿ.

ಗೇಮ್‌ನೊಳಗೇ ಮಲಗಿದ್ದ ತಪ್ಪು

ಕೆಲವೊಮ್ಮೆ ಮುರಿದ ನಂಬಿಕೆ ಯಾರೂ ಬೇಕೆಂದು ಇಟ್ಟುಕೊಂಡದ್ದಲ್ಲ. ಗ್ರ್ಯಾಂಡ್ ಥೆಫ್ಟ್ ಆಟೋ: ಸ್ಯಾನ್ ಆ್ಯಂಡ್ರಿಯಾಸ್‌ನ ಸ್ಕಿಮ್ಮರ್ ಎಂಬ ನೀರ್ವಿಮಾನ ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ ಕೆಟ್ಟಿತು, ಏರಿದವರು ಆಕಾಶದಾಚೆಗೆ ಎಸೆಯಲ್ಪಡುತ್ತಿದ್ದರು. ಹಿಂದಿನ ವೈಸ್ ಸಿಟಿಯಲ್ಲಿ ಸ್ಕಿಮ್ಮರ್ ದೋಣಿಗಳ ಗುಂಪಿನಲ್ಲಿತ್ತು, ದೋಣಿಗೆ ಚಕ್ರವಿಲ್ಲ. ಹೊಸ ಗೇಮ್‌ನಲ್ಲಿ ಅದನ್ನು ವಿಮಾನವಾಗಿಸಿದರು, ಆದರೆ ವಾಹನಗಳ ಪಟ್ಟಿಯಲ್ಲಿ ಅದರ ಸಾಲಿಗೆ ಚಕ್ರದ ಅಳತೆ ಸೇರಿಸಲಿಲ್ಲ. ಓದುವ ಕೋಡ್ ಆ ಅಳತೆಗಳಿಗೆ ಆರಂಭಿಕ ಮೌಲ್ಯ ಕೊಡುತ್ತಿರಲಿಲ್ಲ, ಹಾಗಾಗಿ ಹಿಂದೆ ಓದಿದ ವಾಹನದ ಅಳತೆಯೇ ಸ್ಟ್ಯಾಕ್ ಎಂಬ ತಾತ್ಕಾಲಿಕ ಮೆಮೊರಿಯಲ್ಲಿ ಉಳಿದು ಕೆಲಸ ನಡೆಯುತ್ತಿತ್ತು. 24ಎಚ್2ರಲ್ಲಿ ವಿಂಡೋಸ್‌ನ ಒಂದು ಒಳಗಿನ ಫಂಕ್ಷನ್ ಸ್ಟ್ಯಾಕ್‌ನ ಹೆಚ್ಚು ಜಾಗ ಬಳಸತೊಡಗಿ ಆ ಉಳಿಕೆ ಅಳಿಯಿತು. 2004ರ ತಪ್ಪು ಇಪ್ಪತ್ತು ವರ್ಷದ ಮೇಲೆ ಹೊರಬಿತ್ತು. ಪಟ್ಟಿಯ ಆ ಸಾಲಿಗೆ ಬಿಟ್ಟುಹೋದ ಅಳತೆಗಳನ್ನು ಬರೆದರೆ ಸರಿಯಾಗುತ್ತದೆ. ಸೈಲೆಂಟ್‌ಪ್ಯಾಚ್ ಎಂಬ ಅನಧಿಕೃತ ಪ್ಯಾಚ್‌ನಲ್ಲಿ ಇದಕ್ಕೆ ಪರಿಹಾರ ಸೇರಿದೆ. ವಿಂಡೋಸ್ ಅಪ್‌ಡೇಟ್ ಆದ ಮೇಲೆ ಗೇಮ್‌ನ ಒಂದೇ ಒಂದು ವಸ್ತು ಕೆಟ್ಟರೆ ಡ್ರೈವರ್ ಬದಲಿಸುತ್ತ ಕೂರದೆ ಆ ಗೇಮ್‌ನ ಸಮುದಾಯ ಪ್ಯಾಚ್ ಮೊದಲು ಹುಡುಕಿ.

ಇಷ್ಟಾದರೂ ಆಗದಿದ್ದರೆ

ಆ ಗೇಮ್‌ಗೆ ಮರುಕಟ್ಟಿದ ಇಂಜಿನ್ ಇದೆಯೇ ನೋಡಿ. ಕಥಾಪ್ರಧಾನ ಸಾಹಸ ಗೇಮ್‌ಗಳಿಗೆ ಸ್ಕಮ್‌ವಿಎಂ, ಡೂಮ್‌ಗೆ ಜಿಝಡ್‌ಡೂಮ್ ಇವೆ. ಮೂಲ ಡೇಟಾ ಫೈಲ್‌ಗಳನ್ನು ಇಟ್ಟುಕೊಂಡು ಹಳೆಯ ಎಕ್ಸ್‌ಇಯನ್ನೇ ಕೈಬಿಡಬಹುದು. ಲಿನಕ್ಸ್ ಇದ್ದರೆ, ಅಲ್ಲಿ ವಿಂಡೋಸ್ ಪ್ರೋಗ್ರಾಂಗಳನ್ನು ನಡೆಸುವ ವೈನ್‌ನಲ್ಲಿ ಓಡಿಸಿ. 16 ಬಿಟ್ ವಿಂಡೋಸ್ ಪ್ರೋಗ್ರಾಂಗಳೂ ಅಲ್ಲಿ ಓಡುತ್ತವೆ. ಕೊನೆಯ ದಾರಿ 86ಬಾಕ್ಸ್. ಅದು ಇಡೀ ಹಳೆಯ ಯಂತ್ರವನ್ನು, ವೂಡೂ ಕಾರ್ಡ್ ಸಮೇತ, ಅನುಕರಿಸುತ್ತದೆ. ಪ್ರೊಸೆಸರ್ ಭಾರ ಬಹಳ, ಆದ್ದರಿಂದ ಪೆಂಟಿಯಂ 200ರ ಆಸುಪಾಸಿನಲ್ಲಿ ನಿಲ್ಲಿಸಿ. ವಿಂಡೋಸ್ 98ಕ್ಕೆ 512 ಎಂಬಿ ಮೀರಿ ರ್ಯಾಮ್ ಕೊಡಬೇಡಿ, ಮೀರಿದರೆ ಅದರ ಡಿಸ್ಕ್ ಕ್ಯಾಷೆ ವಿಳಾಸಗಳನ್ನೆಲ್ಲ ನುಂಗಿ 'ಮೆಮೊರಿ ಸಾಲದು' ಎಂಬ ದೋಷ ಬರುತ್ತದೆ. ಸಾಮಾನ್ಯ ವರ್ಚುವಲ್ ಯಂತ್ರಗಳು ಈ ಕೆಲಸಕ್ಕೆ ಒಗ್ಗುವುದಿಲ್ಲ. ಉದಾಹರಣೆಗೆ ವರ್ಚುವಲ್‌ಬಾಕ್ಸ್‌ನಲ್ಲಿ ವಿಂಡೋಸ್ 98ಕ್ಕೆ ಗೆಸ್ಟ್ ಅಡಿಷನ್ಸ್ ಇಲ್ಲದ ಕಾರಣ 3ಡಿ ವೇಗ ಸಿಗುವುದಿಲ್ಲ.

ಗೇಮ್ ಒಮ್ಮೆ ಸರಿಯಾಗಿ ಓಡಿದ ಕೂಡಲೇ ಇಡೀ ಫೋಲ್ಡರನ್ನು ವ್ರ್ಯಾಪರ್ ಮತ್ತು ಅದರ ಸಂರಚನಾ ಫೈಲ್ ಸಮೇತ ಬೇರೆ ಡಿಸ್ಕ್‌ಗೆ ನಕಲು ಮಾಡಿ, ವಾವ್6432ನೋಡ್ ಅಡಿಯ ಅದರ ಕೀಯನ್ನು ಎಕ್ಸ್‌ಪೋರ್ಟ್ ಮಾಡಿ ಜತೆಗಿಡಿ. ವ್ರ್ಯಾಪರ್‌ನ ಆವೃತ್ತಿ ಸಂಖ್ಯೆ, ಬದಲಿಸಿದ ಸೆಟ್ಟಿಂಗ್, ಆಗಿನ ಗ್ರಾಫಿಕ್ಸ್ ಡ್ರೈವರ್ ಆವೃತ್ತಿ, ಇಷ್ಟನ್ನು ಒಂದು ಟೆಕ್ಸ್ಟ್ ಫೈಲ್‌ನಲ್ಲಿ ಬರೆದು ಅದೇ ಫೋಲ್ಡರ್‌ಗೆ ಹಾಕಿ. ಮುಂದೆ ಗೇಮ್ ಮತ್ತೆ ಕೆಟ್ಟರೆ ಈ ಪಟ್ಟಿಯಲ್ಲಿ ಯಾವುದು ಬದಲಾಗಿದೆ ಎಂಬಲ್ಲಿಂದಲೇ ಹುಡುಕಾಟ ಶುರುಮಾಡಬಹುದು.